ಟೊಮೆಟೊ ಸಸಿ ಎಂಟನೇ ದಿನಕ್ಕೆ ಮಲಗುವುದು ಯಾಕೆ?

ಪ್ರಶ್ನೆ: ನಮ್ಮದು ದಾವಣಗೆರೆ. ಮಾಳಿಗೆ ಮೇಲೆ ಕೈತೋಟ ಮಾಡೋಣವೆಂದು ಏಪ್ರಿಲ್ ಕೊನೆಯಲ್ಲಿ ಬೀಜ ತಂದೆ. ಬಿಸಿಲಿಗೆ ಹೆದರಿ ಟೊಮೆಟೊ ಬೀಜವನ್ನು ಮನೆಯೊಳಗೆ ಕಿಟಕಿ ಹತ್ತಿರ, ತೋಟದ ಮಣ್ಣು ತುಂಬಿದ ಲೋಟಗಳಲ್ಲಿ ಹಾಕಿದೆ. ಐದು ದಿನಕ್ಕೆ ಎಲ್ಲವೂ ಹುಟ್ಟಿದವು. ಉದ್ದುದ್ದ ಬೆಳೆದು ಒಂದೇ ಕಡೆ ವಾಲಿದವು, ಎಂಟನೇ ದಿನಕ್ಕೆ ಬುಡ ದಾರದಂತಾಗಿ ಮಲಗಿಬಿಟ್ಟವು. ಮಾಳಿಗೆ ಮೇಲೆ ಕಪ್ಪು ಟ್ರೇಯಲ್ಲಿ 20 ಮೆಣಸಿನಕಾಯಿ ಬೀಜ ಹಾಕಿದ್ದೆ, ಎದ್ದಿದ್ದು 4. ಕೊತ್ತಂಬರಿ ಒಂದೂ ಏಳಲಿಲ್ಲ. ಬೋರ್‌ವೆಲ್ ನೀರನ್ನು ಬೆಳಿಗ್ಗೆ, ಸಂಜೆ ತಪ್ಪದೆ ಹಾಕಿದ್ದೇನೆ. ಬೀಜವೇ ಕಳಪೆಯೇ? ಮೃಗಶಿರ ಮಳೆಗೆ ಮತ್ತೆ ಹಾಕಬಹುದೇ?

ಉತ್ತರ: ಬೀಜ ಕಳಪೆ ಅಲ್ಲ. ಕಳಪೆಯಾಗಿದ್ದರೆ ಟೊಮೆಟೊ ಅಷ್ಟೂ ಐದು ದಿನದಲ್ಲಿ ಏಳುತ್ತಿರಲಿಲ್ಲ. ಟೊಮೆಟೊ ಸತ್ತಿದ್ದು ನೀರು ಹೆಚ್ಚಾಗಿ, ಮೆಣಸಿನಕಾಯಿ ಕೈಕೊಟ್ಟಿದ್ದು ಕಪ್ಪು ಟ್ರೇ ಕಾದು ನಡುವೆ ನೀರು ಆರಿ, ಕೊತ್ತಂಬರಿ ಏಳದಿದ್ದದ್ದು ಬಿಸಿಲಿಗೆ. ನೀವು ಮೂರಕ್ಕೂ ಒಂದೇ ಲೆಕ್ಕದಲ್ಲಿ ಎರಡು ಹೊತ್ತು ನೀರು ಹಾಕಿದ್ದೀರಿ. ನಮ್ಮ ಬಯಲುಸೀಮೆಯಲ್ಲಿ ನೀರು ಕಡಿಮೆಯಾಗಿ ಬೆಳೆ ಒಣಗುವುದನ್ನು ನೋಡಿ ಬೆಳೆದವರಿಗೆ, ನೀರು ಹೆಚ್ಚಾಗಿ ಗಿಡ ಸಾಯುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಮನೆಯಲ್ಲಿ ಬೀಜ ಹಾಕುವವರ ಕೈಯಲ್ಲಿ ಸಾಯುವ ಸಸಿಗಳಲ್ಲಿ ಬಹುಪಾಲು ಹೀಗೇ ಸಾಯುತ್ತವೆ.

ಮೊಳಕೆ ಮಣ್ಣಿನ ಮೇಲೆ ಕಾಣುವ ತನಕ ನೀರಿನ ಲೆಕ್ಕ ಒಂದು, ಕಂಡ ದಿನದಿಂದ ಇನ್ನೊಂದು. ಒಣ ಬೀಜ ಮೊದಲು ನೀರು ಕುಡಿದು ಉಬ್ಬುತ್ತದೆ. ಉಬ್ಬಿ ಒಳಗಿನ ಬೇರು ಮಿಸುಕಾಡಲು ಶುರುವಾದ ಮೇಲೆ ಅದು ಮತ್ತೆ ಒಣ ಬೀಜವಾಗಲಾರದು. ಆಗ ಅರ್ಧ ದಿನ ಮಣ್ಣು ಒಣಗಿದರೂ ಒಳಗೇ ಸಾಯುತ್ತದೆ. ಹಾಗಾಗಿ ಮೊಳಕೆಯ ತನಕ ಮೇಲ್ಮಣ್ಣು ಒಂದು ಹೊತ್ತೂ ಆರಬಾರದು. ಮೊಳಕೆ ಬಂದ ಮೇಲೆ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ಸದಾ ನೀರೇ ನಿಂತಿದ್ದರೆ ಬೇರಿಗೆ ಉಸಿರು ಕಟ್ಟುತ್ತದೆ, ಕೊಳೆಸುವ ಶಿಲೀಂಧ್ರಕ್ಕೆ ಹಬ್ಬವಾಗುತ್ತದೆ. ಈಗ ಮೇಲ್ಮಣ್ಣು ಆರಿ ಬಣ್ಣ ತಿಳಿಯಾಗುವ ತನಕ ಕಾಯಬೇಕು. ಇಡೀ ಸಸಿ ಕೆಲಸದಲ್ಲಿ ಇದೊಂದು ತಿರುವು ಗೊತ್ತಾದರೆ ಉಳಿದದ್ದು ಸುಲಭ.

ನಿಮ್ಮ ಟೊಮೆಟೊಗೆ ಬಂದದ್ದು ಸಸಿ ಕೊಳೆ ರೋಗ. ಬಿದ್ದ ಸಸಿಯೊಂದನ್ನು ಅಂಗೈ ಮೇಲಿಟ್ಟು ನೋಡಿ. ಮೇಲಿನ ಎರಡು ಬೀಜದೆಲೆ ಇನ್ನೂ ಹಸಿರಾಗಿಯೇ ಇರುತ್ತವೆ, ಕಾಂಡವೂ ಚೆನ್ನಾಗಿರುತ್ತದೆ. ಮಣ್ಣಿಗೆ ತಾಗುವ ಜಾಗದಲ್ಲಿ ಮಾತ್ರ ಅರ್ಧ ಸೆಂಟಿಮೀಟರ್‌ನಷ್ಟು ಭಾಗ ನೀರು ತುಂಬಿದಂತೆ ಕಂದಾಗಿ, ಹಿಸುಕಿದ ದಾರದಂತೆ ಸಣ್ಣಗಾಗಿರುತ್ತದೆ. ಮಣ್ಣಿನಲ್ಲಿರುವ ಪಿಥಿಯಂ, ರೈಜೋಕ್ಟೋನಿಯಾ ಎಂಬ ಶಿಲೀಂಧ್ರಗಳ ಕೆಲಸ ಇದು. ಇವು ಎಲ್ಲ ತೋಟದ ಮಣ್ಣಿನಲ್ಲೂ ಇರುತ್ತವೆ. ಮಣ್ಣು ಸದಾ ಒದ್ದೆಯಿದ್ದು, ಗಾಳಿಯಾಡದೆ, ಸಸಿ ಒತ್ತೊತ್ತಾಗಿದ್ದರೆ ಮಾತ್ರ ಮೇಲುಗೈ ಸಾಧಿಸುತ್ತವೆ. ಸಂಜೆ ಹಾಕಿದ ನೀರು ರಾತ್ರಿಯಿಡೀ ಬುಡದಲ್ಲಿ ನಿಂತದ್ದೇ ನಿಮ್ಮಲ್ಲಿ ದೊಡ್ಡ ತಪ್ಪು. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಟ್ರೇಯ ಒಂದು ಮೂಲೆಯಲ್ಲಿ ಬೀಳಲು ಶುರುವಾದರೆ ಆ ಸಸಿಗಳ ಜೊತೆಗೆ ಸುತ್ತಲಿನ ಒಂದು ಇಂಚು ಮಣ್ಣನ್ನೂ ಚಮಚದಿಂದ ಎತ್ತಿ ಬಿಸಾಡಿ, ಎರಡು ದಿನ ನೀರು ನಿಲ್ಲಿಸಿ, ಗಾಳಿಯಾಡುವ ಕಡೆ ಇಡಿ. ಉಳಿದವನ್ನು ಕಾಪಾಡಲು ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಲೀಟರ್ ನೀರಿಗೆ 3 ಗ್ರಾಂನಂತೆ ಕಲಸಿ ಬುಡಕ್ಕೆ ಹಾಕಬಹುದು. ಮುಂದೆ ಹೇಳುವ ಟ್ರೈಕೋಡರ್ಮಾ ಎಂಬ ಒಳ್ಳೆಯ ಶಿಲೀಂಧ್ರ ಹಾಕಿದ ಮಣ್ಣಿಗೆ ಮಾತ್ರ ಇದು ಬೇಡ, ಔಷಧಿ ಅದನ್ನೂ ಕೊಲ್ಲುತ್ತದೆ.

ಕಾಂಡ ಬುಡದಲ್ಲೂ ಹಸಿರಾಗಿದ್ದು, ಬರೀ ಉದ್ದವಾಗಿ ಬಳುಕಿ ಬಿದ್ದಿದ್ದರೆ ಅದು ರೋಗವಲ್ಲ, ಬೆಳಕಿನ ಕೊರತೆ. ಕಿಟಕಿಯ ಬೆಳಕು ನಮ್ಮ ಕಣ್ಣಿಗೆ ಸಾಕೆನಿಸಿದರೂ ಸಸಿಗೆ ಕತ್ತಲೆಯೇ. ಬೆಳಕು ಹುಡುಕಿಕೊಂಡು ಅದು ಎರಡು ಮೂರು ದಿನದಲ್ಲೇ ಬೆರಳುದ್ದ ಏಳುತ್ತದೆ, ಹಾಗೆ ಎದ್ದ ಕಾಂಡ ಮುಂದೆ ದಪ್ಪವಾಗುವುದಿಲ್ಲ. ಇದಕ್ಕೆ ತಡವಾದರೆ ಮದ್ದಿಲ್ಲ. ಮೊದಲ ಮೊಳಕೆ ಕೊಕ್ಕೆಯಂತೆ ಬಾಗಿ ಮಣ್ಣು ಸೀಳಿದ್ದು ಕಂಡ ದಿನವೇ ಮೇಲಿನ ಮುಚ್ಚಳ, ಬಟ್ಟೆ ತೆಗೆದು ಹೊರಗಿನ ಬೆಳಕಿಗೆ ಒಯ್ಯಬೇಕು. "ಎಲ್ಲವೂ ಏಳಲಿ, ಆಮೇಲೆ ತೆಗೆಯೋಣ" ಎಂದು ಕಾದರೆ ಮೊದಲು ಎದ್ದ ಒಳ್ಳೆಯ ಸಸಿಗಳೇ ಹಾಳಾಗುತ್ತವೆ.

ಮಾಳಿಗೆ ಮೇಲೆ ಎಲ್ಲಿಡುವುದು ಎಂಬುದೂ ಮುಖ್ಯ. ಜೂನ್, ಜುಲೈನಲ್ಲಿ ನಮ್ಮ ಕಡೆ ನೈಋತ್ಯದಿಂದ ಬೀಸುವ ಗಾಳಿ ನಿಮಗೆ ಗೊತ್ತೇ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ನಿಮ್ಮ ಟ್ರೇಯನ್ನೂ ಮಧ್ಯಾಹ್ನದೊಳಗೆ ಒಣಗಿಸುತ್ತದೆ, ಎಳೆ ಕಾಂಡವನ್ನು ಮುರಿಯುತ್ತದೆ. ಪಶ್ಚಿಮದ ಪ್ಯಾರಾಪೆಟ್ ಗೋಡೆಯ ಒಳಮಗ್ಗುಲಿಗೆ, ನೆಲದಿಂದ ಎರಡು ಇಟ್ಟಿಗೆ ಎತ್ತರದಲ್ಲಿ ಟ್ರೇ ಇಡಿ. ಗೋಡೆ ಗಾಳಿ ತಡೆಯುತ್ತದೆ, ಬೆಳಗಿನ ಎಳೆ ಬಿಸಿಲು ಪೂರ್ತಿ ಸಿಗುತ್ತದೆ, ಸಂಜೆ ಸುಡುವ ಬಿಸಿಲಿಗೆ ಗೋಡೆಯ ನೆರಳು ಬರುತ್ತದೆ. ಇಟ್ಟಿಗೆ ಯಾಕೆಂದರೆ ಕಾದ ಕಾಂಕ್ರೀಟ್ ಟ್ರೇಯ ತಳ ಮುಟ್ಟಬಾರದು. ಬೇಸಿಗೆಯಲ್ಲಿ ಹಾಕುವುದಾದರೆ ಮೇಲೆ ಶೇ 50ರ ಹಸಿರು ನೆರಳು ಪರದೆ ಬೇಕೇ ಬೇಕು. ಜೂನ್ ಮೋಡಕ್ಕೆ ಅದು ಬೇಡ, ಬೆಳಕು ಕಡಿಮೆಯಾಗುತ್ತದೆ.

ಮೆಣಸಿನಕಾಯಿಗೆ ಬರೋಣ. ಬೀಜದ ಸರ್ಕಾರಿ ಮಾನದಂಡದಲ್ಲಿ ಟೊಮೆಟೊ, ಬದನೆಗೆ ಕನಿಷ್ಠ ಶೇ 70 ಮೊಳಕೆ ಇರಬೇಕು ಎಂದಿದ್ದರೆ ಮೆಣಸಿನಕಾಯಿಗೆ ಶೇ 60 ಸಾಕು. ಅಂದರೆ ಒಳ್ಳೆಯ ಪ್ಯಾಕೆಟ್‌ನಲ್ಲೂ 20 ಬೀಜಕ್ಕೆ 12 ಎದ್ದರೆ ಲೆಕ್ಕ ಸರಿ. ನಿಮಗೆ 4 ಎದ್ದದ್ದಕ್ಕೆ ಕಾರಣ ಕಪ್ಪು ಟ್ರೇ. ಮೆಣಸಿನ ಬೀಜಕ್ಕೆ 25ರಿಂದ 30 ಡಿಗ್ರಿ ಹಿತ, 35 ದಾಟಿದರೆ ಮೊಳಕೆ ಕುಸಿಯುತ್ತದೆ. ಮೇ ಮಧ್ಯಾಹ್ನ ಮಾಳಿಗೆ ಮೇಲಿನ ಕಪ್ಪು ಪ್ಲಾಸ್ಟಿಕ್ಕಿಗೆ ಬೆರಳಿಟ್ಟು ನೋಡಿ, ಬೀಜಕ್ಕೆ ಏನಾಗಿರಬಹುದೆಂದು ಗೊತ್ತಾಗುತ್ತದೆ. ಬೆಳಿಗ್ಗೆ ಹಾಕಿದ ನೀರು ಅಲ್ಲಿ ಮಧ್ಯಾಹ್ನಕ್ಕೇ ಆರಿರುತ್ತದೆ. ಬೇಗ ಏಳುವ ಟೊಮೆಟೊಗೆ ಈ ಅಪಾಯ ಕೆಲವೇ ದಿನ. ಮೆಣಸಿನಕಾಯಿ 8ರಿಂದ 15 ದಿನ ಮಣ್ಣಿನೊಳಗೇ ಇರುತ್ತದೆ, ಅಷ್ಟು ದಿನದಲ್ಲಿ ಒಂದು ಮಧ್ಯಾಹ್ನ ತಪ್ಪಿದರೂ ಮುಗಿಯಿತು.

ಅದಕ್ಕೇ ಮೆಣಸಿನಕಾಯಿಯನ್ನು ಮೊದಲು ಮನೆಯೊಳಗೆ ಬಟ್ಟೆಯಲ್ಲಿ ಮೊಳಕೆ ಕಟ್ಟಿ. ಹೆಸರುಕಾಳು ಮೊಳಕೆ ಕಟ್ಟುವವರಿಗೆ ಇದು ಹೊಸದೇನಲ್ಲ. ಬೀಜವನ್ನು ಉಗುರುಬೆಚ್ಚಗಿನ ನೀರಿನಲ್ಲಿ 8 ಗಂಟೆ ನೆನೆಸಿ, ಹಳೆಯ ಹತ್ತಿ ಬಟ್ಟೆಯನ್ನು ನೀರಲ್ಲಿ ಅದ್ದಿ ಬಿಗಿಯಾಗಿ ಹಿಂಡಿ, ಒಂದಕ್ಕೊಂದು ತಾಗದಂತೆ ಬೀಜ ಹರಡಿ ಮಡಚಿ, ಸಡಿಲ ಮುಚ್ಚಳದ ಡಬ್ಬಿಯಲ್ಲಿ ಅಡುಗೆಮನೆಯ ಕಪಾಟಿನಲ್ಲಿಡಿ. ದಿನಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸಿ, ಬಟ್ಟೆ ಆರಿದ್ದರೆ ನೀರು ಚಿಮುಕಿಸಿ. ಐದಾರು ದಿನದಿಂದ ಬಿಳಿ ಬೇರು ಎಳ್ಳಿನಷ್ಟು ಇಣುಕತೊಡಗುತ್ತದೆ. ಆಗಲೇ ಎತ್ತಿ ಮಣ್ಣಿಗೆ ಹಾಕಿ. ಬೇರು ಉದ್ದವಾಗಲು ಬಿಟ್ಟರೆ ಬಟ್ಟೆಯ ಎಳೆಗಳಿಗೆ ಸಿಕ್ಕಿ ಮುರಿಯುತ್ತದೆ. ಹಳೆಯ ಪ್ಯಾಕೆಟ್ ಪರೀಕ್ಷೆಗೂ ಇದೇ ದಾರಿ: 10 ಬೀಜ ಕಟ್ಟಿ ನೋಡಿ, 5ಕ್ಕಿಂತ ಕಡಿಮೆ ಮೊಳೆತರೆ ಹೊಸದು ತನ್ನಿ. ಈರುಳ್ಳಿ ಬೀಜ ಒಂದು ವರ್ಷಕ್ಕೇ ಸತ್ವ ಕಳೆದುಕೊಳ್ಳುತ್ತದೆ. ಮೆಣಸಿನಕಾಯಿ, ಬೆಂಡೆ ಎರಡು ವರ್ಷ ಬರುತ್ತವೆ. ಟೊಮೆಟೊ, ಬದನೆ, ಸೌತೆ ಜಾತಿಯವು ತಂಪಾದ ಒಣ ಜಾಗದಲ್ಲಿಟ್ಟರೆ ನಾಲ್ಕು ವರ್ಷದವರೆಗೂ ಹುಟ್ಟುತ್ತವೆ.

ಕೊತ್ತಂಬರಿಯದು ಬೇರೆ ಕಥೆ. ನಾವು ಕೊತ್ತಂಬರಿ ಬೀಜ ಎನ್ನುವ ಗುಂಡು ಕಾಳು ನಿಜವಾಗಿ ಒಂದು ಹಣ್ಣು, ಒಳಗೆ ಎರಡು ಬೀಜ ಬೆನ್ನು ಹಚ್ಚಿ ಕೂತಿರುತ್ತವೆ. ಇಡಿಯಾಗಿ ಹಾಕಿದರೆ ನೀರು ಒಳಗಿಳಿಯುವುದು ನಿಧಾನ. ಹಲಗೆ ಮೇಲೆ ಹರಡಿ ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿದರೆ ಎರಡು ಹೋಳಾಗುತ್ತದೆ. ಪುಡಿಯಾಗುವಷ್ಟು ಒತ್ತಬೇಡಿ. ಆಮೇಲೆ 10-12 ಗಂಟೆ ನೆನೆಸಿ, ನೆರಳಲ್ಲಿ ಆರಿಸಿ, ಒಂದು ಸೆಂಟಿಮೀಟರ್ ಆಳಕ್ಕೆ ಹಾಕಿ. ಆದರೆ ಇಷ್ಟು ಮಾಡಿದರೂ ಏಪ್ರಿಲ್, ಮೇ ತಿಂಗಳಲ್ಲಿ ಅದು ಏಳುವುದು ಅಪರೂಪ, ಎದ್ದರೂ ಸೊಪ್ಪು ಬಿಡುವ ಮೊದಲೇ ಹೂವಿಗೆ ಹೋಗುತ್ತದೆ. ಕೊತ್ತಂಬರಿಗೆ ತಂಪು ಬೇಕು. ಹಸ್ತ, ಚಿತ್ತೆ ಮಳೆ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಶುರುಮಾಡಿ, ಜನವರಿ ತನಕ 15 ದಿನಕ್ಕೊಂದು ಪಾತಿ ಹಾಕುತ್ತಾ ಹೋಗಿ. ಕಿರಾಣಿ ಅಂಗಡಿಯ ಕೊತ್ತಂಬರಿಯೂ ಹುಟ್ಟುತ್ತದೆ, ಆದರೆ ಎಷ್ಟು ಹಳತೆಂದು ತಿಳಿಯಲು ಬಟ್ಟೆ ಪರೀಕ್ಷೆ ಮಾಡಿಯೇ ಹಾಕಿ. ಮೆಂತ್ಯಕ್ಕೆ ಈ ರಗಳೆ ಇಲ್ಲ, ಮೂರು ನಾಲ್ಕು ದಿನಕ್ಕೆ ಏಳುತ್ತದೆ.

ಈಗ ಮಣ್ಣು. ಲೋಟಕ್ಕೆ ತೋಟದ ಮಣ್ಣು ಬೇಡ, ಎರೆ ಮಣ್ಣಂತೂ ಬೇಡವೇ ಬೇಡ. ಹೊಲದಲ್ಲಿ ಎರೆ ಎಷ್ಟು ಒಳ್ಳೆಯದೋ ಸಣ್ಣ ಲೋಟದಲ್ಲಿ ಅಷ್ಟು ಕೆಟ್ಟದ್ದು: ನೀರು ಹಾಕಿದರೆ ಅಂಟು, ಆರಿದರೆ ಬಿರುಕು, ಬಿರುಕಿನ ಜೊತೆ ಎಳೆ ಬೇರೂ ಹರಿಯುತ್ತದೆ. ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್ ಮೂರು ಪಾಲು, ಜರಡಿ ಹಿಡಿದ ಎರೆಹುಳು ಗೊಬ್ಬರ ಒಂದು ಪಾಲು ಸಾಕು. ಈ ಪುಡಿಯನ್ನು ಇಟ್ಟಿಗೆಯಂತೆ ಒತ್ತಿ ಮಾರುತ್ತಾರೆ; 650 ಗ್ರಾಂನ ಅಂಥ ಇಟ್ಟಿಗೆಯೊಂದು ಮೂರು ನಾಲ್ಕು ಲೀಟರ್ ನೀರು ಕುಡಿದು ಸುಮಾರು 8 ಲೀಟರ್ ಪುಡಿಯಾಗುತ್ತದೆ, ಗೊಬ್ಬರ ಸೇರಿದರೆ 200 ಮಿಲಿಲೀಟರಿನ 50 ಲೋಟಕ್ಕೆ ಬರುತ್ತದೆ. ನಾರಿನ ಪುಡಿಯಲ್ಲಿ ಉಪ್ಪಿನಂಶ ಉಳಿದಿರುವುದುಂಟು. ಬಟ್ಟೆಯಲ್ಲಿ ಕಟ್ಟಿ ಎರಡು ಮೂರು ಸಲ ತೊಳೆದು ಹಿಂಡಿ. ಮೊದಲ ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕಿರುತ್ತದೆ, ಮೂರನೆಯದು ತಿಳಿಯಾಗಿ ಬರುತ್ತದೆ. ತಿಪ್ಪೆ ಗೊಬ್ಬರ ಹಾಕುವುದಾದರೆ ಪೂರ್ತಿ ಕಳಿತು ಮಣ್ಣಿನ ವಾಸನೆ ಬರುವಂಥದ್ದೇ ಆಗಬೇಕು. ಅರೆಕಳಿತದ್ದು ಒಳಗೇ ಕಾದು ಬೇರು ಸುಡುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಬೂದಿ ಸುಲಭವಾಗಿ ಸಿಗುವುದರಿಂದ ಹಲವರು ಅದನ್ನೂ ಬೆರೆಸುತ್ತಾರೆ. ಬಿಳಿಬೂದಿ ಕ್ಷಾರದ್ದು, ಬೋರ್ ನೀರಿನ ಕ್ಷಾರದ ಜೊತೆ ಸೇರಿ ಸಸಿಯನ್ನು ಹಳದಿ ಮಾಡುತ್ತದೆ. ಅರೆಬೆಂದ ಕರಿ ಹೊಟ್ಟಾದರೆ ತೊಳೆದು ಹತ್ತರಲ್ಲೊಂದು ಪಾಲು ಹಾಕಬಹುದು, ಗಾಳಿಯಾಡಲು ಒಳ್ಳೆಯದು.

ಎರೆಹುಳು ಗೊಬ್ಬರ ಕಿಲೋಗೆ 10 ಗ್ರಾಂ ಟ್ರೈಕೋಡರ್ಮಾ ಪುಡಿ ಬೆರೆಸಿ, ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ ಒಂದೆರಡು ವಾರ ನೆರಳಲ್ಲಿಡಿ. ಇದು ಸಸಿ ಕೊಳೆ ತರುವ ಶಿಲೀಂಧ್ರವನ್ನು ತಿನ್ನುವ ಒಳ್ಳೆಯ ಶಿಲೀಂಧ್ರ, ಮುಂಚೆಯೇ ಹರಡಿಕೊಂಡಿದ್ದರೆ ಕೆಟ್ಟದ್ದಕ್ಕೆ ಜಾಗ ಸಿಗುವುದಿಲ್ಲ. ಬಿಸಿಲಿಗಿಟ್ಟರೆ ಸಾಯುತ್ತದೆ. ಗೊಬ್ಬರದ ಅಂಗಡಿಯಲ್ಲಿ ಕೊಳ್ಳುವಾಗ ಅವಧಿ ಮುಗಿಯುವ ದಿನಾಂಕ ನೋಡಿ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೂ, ಚಿತ್ರದುರ್ಗದವರು ಹಿರಿಯೂರಿನ ಬಬ್ಬೂರು ಫಾರಂನ ಕೇಂದ್ರದಲ್ಲೂ ವಿಚಾರಿಸಬಹುದು.

ಬೆರೆಸಿದ ಪುಡಿಯ ಹದ ನೋಡುವುದು ಕೈಯಲ್ಲೇ. ಒಂದು ಹಿಡಿ ಗಟ್ಟಿಯಾಗಿ ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಬೇಕು. ಧಾರೆ ಇಳಿದರೆ ಹೆಚ್ಚಾಯಿತು, ಮುಷ್ಟಿ ಬಿಚ್ಚಿದ ಕೂಡಲೇ ಉದುರಿದರೆ ಕಡಿಮೆಯಾಯಿತು. ಈ ಹದದಲ್ಲೇ ಲೋಟ ತುಂಬಿ, ಒತ್ತದೆ ನೆಲಕ್ಕೆ ಎರಡು ಸಲ ಕುಟ್ಟಿ. ಪೇಪರ್ ಲೋಟ, ಮೊಸರಿನ ಡಬ್ಬಿ ಯಾವುದಾದರೂ ಸರಿ, ತಳಕ್ಕೆ ಕಾಯಿಸಿದ ಮೊಳೆಯಿಂದ ನಾಲ್ಕು ತೂತು ಇರಬೇಕು. ಬೀಜದ ಆಳ ಅದರ ದಪ್ಪದ ಎರಡು ಮೂರು ಪಟ್ಟು: ಟೊಮೆಟೊ, ಬದನೆ, ಮೆಣಸಿನಕಾಯಿಗೆ ಅರ್ಧ ಸೆಂಟಿಮೀಟರ್, ಬೆಂಡೆ, ಹೀರೆ, ಹಾಗಲಕ್ಕೆ ಎರಡು. ರಾಜಗಿರಿ, ತುಳಸಿಯಂಥ ಪುಡಿ ಬೀಜವನ್ನು ಒಣ ಮರಳಿನ ಜೊತೆ ಬೆರೆಸಿ ಮೇಲೆ ಚೆಲ್ಲಿ, ಅಂಗೈಯಿಂದ ಒತ್ತಿದರೆ ಸಾಕು.

ಮೊಳಕೆಯ ತನಕ ಕೈ ಸ್ಪ್ರೇಯಿಂದ ಮಂಜಿನಂತೆ ಮಾತ್ರ ನೀರು. ಮೇಲೊಂದು ಒದ್ದೆ ಗೋಣಿ ಅಥವಾ ಪತ್ರಿಕೆ ಮುಚ್ಚಿದರೆ ತೇವ ನಿಲ್ಲುತ್ತದೆ. ಮೊಳಕೆ ಬಂದ ಮೇಲೆ ಮೇಲಿನಿಂದ ನೀರು ಹಾಕುವುದನ್ನೇ ಬಿಡಿ. ತಟ್ಟೆಯಲ್ಲಿ ಒಂದು ಇಂಚು ನೀರು ನಿಲ್ಲಿಸಿ ಲೋಟಗಳನ್ನು 15-20 ನಿಮಿಷ ಇಟ್ಟು ಎತ್ತಿ. ಮಣ್ಣು ತಳದಿಂದ ಬೇಕಾದಷ್ಟು ಹೀರಿಕೊಳ್ಳುತ್ತದೆ, ಕಾಂಡದ ಬುಡ ಒಣಗಿಯೇ ಇರುತ್ತದೆ. ನೀರುಂಡ ಲೋಟದ ತೂಕ ಕೈಗೆ ಒಮ್ಮೆ ಗೊತ್ತಾದರೆ, ಮುಂದೆ ಎತ್ತಿ ನೋಡಿಯೇ ನೀರು ಬೇಕೋ ಬೇಡವೋ ಹೇಳಬಹುದು. ಬೆಳಿಗ್ಗೆಯೇ ಕೊಡಿ. ಮೋಡವಿದ್ದ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಸಾಕಾಗುತ್ತದೆ.

ಬೋರ್ ನೀರಿನ ಬಗ್ಗೆ ನೀವು ಕೇಳದಿದ್ದರೂ ಹೇಳಲೇಬೇಕು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನೀರು ಸಸಿಗೆ ಒಳ್ಳೆಯದಲ್ಲ. ನೆಲದಲ್ಲಿರುವ ಗಿಡಕ್ಕೆ ಮಳೆ ಬಂದು ಉಪ್ಪು ತೊಳೆದುಹೋಗುತ್ತದೆ, ಲೋಟದಲ್ಲಿ ಅದು ಅಲ್ಲೇ ಕೂಡುತ್ತದೆ. ಲೋಟದ ಅಂಚಿನಲ್ಲಿ ಬಿಳಿ ಪುಡಿ, ಹೊಸ ಎಲೆಯ ನರ ಹಸಿರು, ನಡುವೆಲ್ಲ ಹಳದಿ ಕಂಡರೆ ಇದೇ ಕಾರಣ: ನೀರಿನ ಕ್ಷಾರಕ್ಕೆ ಕಬ್ಬಿಣದಂಶ ಬೇರಿಗೆ ಸಿಗುತ್ತಿಲ್ಲ. ನಲ್ಲಿ ನೀರು ಬಂದ ದಿನ ಎರಡು ಬಕೆಟ್ ಹಿಡಿದಿಟ್ಟು, ಒಂದು ರಾತ್ರಿ ತೆರೆದಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಿ. ಮಳೆ ನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಆರ್‌ಒ ಯಂತ್ರದ ಹೊರಹೋಗುವ ನೀರನ್ನು ಉಳಿತಾಯವೆಂದು ಸಸಿಗೆ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಅದು ಬೋರ್ ನೀರಿಗಿಂತಲೂ ಉಪ್ಪು, ದಯವಿಟ್ಟು ಬೇಡ.

ಮೃಗಶಿರಕ್ಕೆ ಖಂಡಿತ ಹಾಕಿ. ಜೂನ್ ಎರಡನೇ ವಾರ ಬಿಸಿಲು ತಗ್ಗಿರುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ ಲೋಟದಲ್ಲಿ. ಬೆಂಡೆ, ಪುಂಡಿ, ರಾಜಗಿರಿ, ಮೂಲಂಗಿ ನೇರ ಕುಂಡದಲ್ಲಿ. ಮೂಲಂಗಿ, ಗಜ್ಜರಿಯನ್ನು ಕಿತ್ತು ನೆಟ್ಟರೆ ಗಡ್ಡೆ ಕವಲೊಡೆಯುತ್ತದೆ. ಹೀರೆ, ಸೋರೆ, ಹಾಗಲವನ್ನು ಲೋಟದಲ್ಲಿ ಮಾಡಬಹುದು, ಆದರೆ ಬೇರು ಅಲುಗಿದರೆ ಮುನಿಸಿಕೊಳ್ಳುತ್ತವೆ. ಎರಡು ಎಲೆ ಬಂದಾಗ, 12-15 ದಿನಕ್ಕೇ ಪೇಪರ್ ಲೋಟ ಹರಿದು ಮಣ್ಣಿನ ಮುದ್ದೆ ಸಮೇತ ಇಳಿಸಿ. ಹಾಗಲದ ಬೀಜದ ಚೂಪು ತುದಿಯನ್ನು ನೇಲ್ ಕಟರ್‌ನಿಂದ ಚೂರೇ ಕತ್ತರಿಸಿ ಒಂದು ರಾತ್ರಿ ನೆನೆಸಿದರೆ ಬೇಗ ಏಳುತ್ತದೆ.

ಬೀಜ ಕೊಳ್ಳುವಾಗ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು ನಮ್ಮ ಹವೆಗೆ ಹೊಂದುತ್ತವೆ. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಎಲೆಮುದುಡು ನಂಜು, ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುವಂಥದ್ದು, ಆದರೆ ಎಫ್-1 ಹೈಬ್ರಿಡ್, ಅದರ ಹಣ್ಣಿನ ಬೀಜ ಎತ್ತಿಟ್ಟರೆ ಅದೇ ಗಿಡ ಬರುವುದಿಲ್ಲ. ಬೀಜ ಉಳಿಸಿಕೊಳ್ಳುವ ಆಸೆ ಇದ್ದರೆ ಅರ್ಕಾ ವಿಕಾಸ್ ತನ್ನಿ. ಪ್ಯಾಕೆಟ್ ಬೀಜ ಕೆಂಪು, ನೀಲಿ ಬಣ್ಣದ್ದಾಗಿದ್ದರೆ ಶಿಲೀಂಧ್ರನಾಶಕ ಲೇಪಿಸಿದ್ದು ಎಂದರ್ಥ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳಿಗೆ ಸಿಗದಂತೆ ಇಡಿ, ಅಂಥ ಬೀಜಕ್ಕೆ ಮತ್ತೆ ಟ್ರೈಕೋಡರ್ಮಾ ಸವರಬೇಡಿ.

ಔಷಧಿ, ಪರಿಮಳದ ಗಿಡಗಳಲ್ಲಿ ಎಲ್ಲವೂ ಬೀಜದವಲ್ಲ. ಪುದೀನ, ದೊಡ್ಡಪತ್ರೆಗೆ ಕಡ್ಡಿ ನೆಟ್ಟರಾಯಿತು. ಮಜ್ಜಿಗೆ ಹುಲ್ಲಿಗೆ ಬುಡದ ಕಂದು. ಕಾಮಕಸ್ತೂರಿ ಬೀಜ ನೆನೆಸಿದರೆ ಲೋಳೆಯಾಗಿ ಒಂದಕ್ಕೊಂದು ಅಂಟುತ್ತದೆ, ಒಣದಾಗಿಯೇ ಚೆಲ್ಲಿ. ಕರಿಬೇವಿನ ಕಪ್ಪು ಹಣ್ಣಿನ ಸಿಪ್ಪೆ ತಿರುಳು ತೆಗೆದು ಕೂಡಲೇ ಊರಬೇಕು, ಒಣಗಿಸಿ ಇಟ್ಟರೆ ಕೆಲವೇ ವಾರದಲ್ಲಿ ಸಾಯುತ್ತದೆ. ಕಾಮಕಸ್ತೂರಿಯಂಥ ಸಣ್ಣ ಬೀಜಗಳನ್ನು ಹಾಕಿ ಎರಡು ದಿನಕ್ಕೆ ಟ್ರೇ ಖಾಲಿಯಾದಂತೆ ಕಂಡರೆ ಇರುವೆ ಹೊತ್ತೊಯ್ದಿದೆ. ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆ ಇಟ್ಟು, ಅದರ ಮೇಲೆ ಟ್ರೇ ಇಡಿ.

ಬೀಜದೆಲೆ ಬಿಟ್ಟು ಎರಡನೇ ನಿಜವಾದ ಎಲೆ ಬಂದಾಗ ರೈತರು "19 ಆಲ್" ಎನ್ನುವ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇ 19ರಷ್ಟಿರುವ ಗೊಬ್ಬರವನ್ನು ಲೀಟರಿಗೆ 1 ಗ್ರಾಂನಂತೆ, ಅಂದರೆ ಸಮತಟ್ಟಾದ ಒಂದು ಟೀ ಚಮಚ 5 ಲೀಟರ್ ನೀರಿಗೆ, ವಾರಕ್ಕೊಮ್ಮೆ ಕೊಡಿ. ಹೆಚ್ಚಿಸಿದರೆ ಎಲೆಯ ಅಂಚು ಸುಡುತ್ತದೆ. ಬಿಳಿ ನೊಣ ಎಳೆ ಟೊಮೆಟೊಗೆ ನಂಜು ಹಚ್ಚುವುದು ಈ ವಯಸ್ಸಿನಲ್ಲೇ, ಆದ್ದರಿಂದ ನಾಟಿಯವರೆಗೂ ಸೊಳ್ಳೆ ಪರದೆಗಿಂತ ಸಣ್ಣ ಕಣ್ಣಿನ ಬಿಳಿ ನೈಲಾನ್ ಬಲೆ ಮುಚ್ಚಿಡಿ. ಮೆಣಸಿನ ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಚಿದರೆ ಹಾರುವ ನುಸಿಯಾದ ಥ್ರಿಪ್ಸ್, ಕೆಳಮುಖವಾಗಿ ಮಡಚಿದರೆ ಮೈಟ್ ನುಸಿ. ಎರಡಕ್ಕೂ ಮದ್ದು ಬೇರೆ, ನೋಡಿಕೊಂಡೇ ಹಾಕಬೇಕು.

ಟೊಮೆಟೊ 22-25 ದಿನಕ್ಕೆ, ಬದನೆ 30ಕ್ಕೆ, ಮೆಣಸಿನಕಾಯಿ 35-40 ದಿನಕ್ಕೆ ನಾಟಿಗೆ ಬರುತ್ತವೆ. ಒಂದು ವಾರ ಮುಂಚಿನಿಂದ ನೀರು ತಗ್ಗಿಸಿ, ಮೊದಲ ದಿನ ಒಂದು ಗಂಟೆ, ಮರುದಿನ ಎರಡು, ಹೀಗೆ ಬಿಸಿಲಿಗೆ ಒಗ್ಗಿಸಿ. ಟೊಮೆಟೊಗೆ 15-20 ಲೀಟರಿನ ಕುಂಡ ಬೇಕು, ಮೆಣಸಿನಕಾಯಿಗೆ 10 ಸಾಕು. ಟೊಮೆಟೊವನ್ನು ಬೀಜದೆಲೆಯ ತನಕ ಹೂಳಿ, ಹೂತ ಕಾಂಡದಿಂದಲೂ ಬೇರು ಬರುತ್ತದೆ. ಸ್ವಲ್ಪ ಉದ್ದವಾದ ಸಸಿಯನ್ನು ಹೀಗೆ ಸರಿಮಾಡಿಕೊಳ್ಳಬಹುದು. ಮೆಣಸಿನಕಾಯಿ, ಬದನೆ ಲೋಟದಲ್ಲಿದ್ದಷ್ಟೇ ಆಳಕ್ಕಿರಲಿ. ಸಂಜೆ ಐದರ ಮೇಲೆ ನೆಟ್ಟು, ಬುಡಕ್ಕೆ ಒಂದು ಚೊಂಬು ನೀರು ಹಾಕಿ, ಮೂರು ದಿನ ಮಧ್ಯಾಹ್ನದ ಹೊತ್ತು ಮಾತ್ರ ತೂತುಬಿಟ್ಟ ಬುಟ್ಟಿಯೊಂದನ್ನು ಬೋರಲು ಹಾಕಿ. ನಾಲ್ಕನೇ ದಿನ ಬೆಳಿಗ್ಗೆ ಎಲೆ ನೆಟ್ಟಗೆ ನಿಂತಿದ್ದರೆ ಬುಟ್ಟಿ ತೆಗೆದುಬಿಡಿ.